ಟಿ.ಸಿ. ಫುಲ್ ಆಗಿದೆಯಂತೆ, ಸೋಲಾರ್ ಹಾಕಿಸಬಹುದೇ?

ಪ್ರಶ್ನೆ: ಸರ್, ನಮ್ಮದು ಕಾಪು ಸಮೀಪ, ಹೈವೇಯಿಂದ ಒಳಗೆ ಮನೆ. ಟಿ.ಸಿ.ಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ಬರುವ ಲೈನಿಗೆ ನಮ್ಮದೇ ಕೊನೆಯ ಕಂಬ, ಸುಮಾರು 400 ಮೀಟರ್ ದೂರ. ಸಿಂಗಲ್ ಫೇಸ್, ಮಂಜೂರಾದ ಲೋಡ್ 3 ಕಿಲೋವ್ಯಾಟ್. ತಿಂಗಳಿಗೆ ಸರಾಸರಿ 420 ಯೂನಿಟ್ ಖರ್ಚು. ತಾರಸಿ ಮೇಲೆ 5 ಕಿಲೋವ್ಯಾಟ್ ಸೋಲಾರ್ ಹಾಕಿಸುವ ಎಂದು ಒಬ್ಬ ಕಂಟ್ರಾಕ್ಟರನ್ನು ಕರೆಸಿದೆ. ಅವರು ನೋಡಿ, "ನಿಮ್ಮ ಟಿ.ಸಿ. ಫುಲ್ ಆಗಿದೆ ಟೀಚರ್, ಅರ್ಜಿ ಹಾಕಿದ್ರೂ ಪಾಸಾಗುದಿಲ್ಲ, ಬ್ಯಾಟರಿ ಇರುವ ಸಿಸ್ಟಮ್ ಹಾಕಿ" ಅಂದರು. ಅದಕ್ಕೆ ಹೇಳಿದ ರೇಟು ಹೆಚ್ಚುಕಡಿಮೆ ದುಪ್ಪಟ್ಟು. ಸರಕಾರ ಒಂದು ಕಡೆ ಸಬ್ಸಿಡಿ ಕೊಡ್ತೇವೆ ಹಾಕಿ ಅನ್ನುತ್ತದೆ, ಇನ್ನೊಂದು ಕಡೆ ಗ್ರಿಡ್ಡಿನಲ್ಲಿ ಜಾಗ ಇಲ್ಲ ಅನ್ನುತ್ತಾರೆ. ಯಾವುದನ್ನು ನಂಬುವುದು?
– ನಿವೃತ್ತ ಶಿಕ್ಷಕಿ, ಉಡುಪಿ ಜಿಲ್ಲೆ

ಉತ್ತರ: ಟೀಚರೇ, ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಅರ್ಜಿ ಹಾಕಿ. 5 ಕಿಲೋವ್ಯಾಟಿನ ಮನೆ ಸೋಲಾರಿಗೆ "ಟಿ.ಸಿ. ಫುಲ್" ಎಂಬ ಮಾತು ಈಗಿನ ನಿಯಮದ ಎದುರು ನಿಲ್ಲುವುದಿಲ್ಲ. ಆದರೆ ನಿಮಗೆ 5 ಬೇಡ, ಸದ್ಯಕ್ಕೆ 3 ಸಾಕು ಎಂದೇ ನಾನು ಹೇಳುವುದು. ಅದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ನೀವು ಸುಮ್ಮನೆ ಬರೆದುಬಿಟ್ಟ "ಕೊನೆಯ ಕಂಬ" ಎಂಬ ಮಾತು ನನಗೆ ಟಿ.ಸಿ.ಗಿಂತ ದೊಡ್ಡ ವಿಷಯ.

ನಿಯಮ ಏನು ಹೇಳುತ್ತದೆ ನೋಡಿ. ಕೇಂದ್ರ ಸರಕಾರ 2020ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಾವಳಿ ತಂದಿತು. ಅದಕ್ಕೆ 2024ರ ಫೆಬ್ರವರಿ 22ರಂದು ಒಂದು ತಿದ್ದುಪಡಿ ಆಯಿತು. ಚಾವಣಿ ಸೋಲಾರಿನ ಮಟ್ಟಿಗೆ ಅದು ದೊಡ್ಡ ಬದಲಾವಣೆ. ಮೊದಲು ಯಾರೇ ಅರ್ಜಿ ಹಾಕಿದರೂ ವಿತರಣಾ ಕಂಪನಿಯವರು ಬಂದು ತಾಂತ್ರಿಕವಾಗಿ ಸಾಧ್ಯವೋ ಇಲ್ಲವೋ ಪರೀಕ್ಷಿಸಿ ಒಪ್ಪಿಗೆ ಕೊಡಬೇಕಿತ್ತು. ಈಗ 10 ಕಿಲೋವ್ಯಾಟಿನವರೆಗೆ ಆ ಪರೀಕ್ಷೆಯೇ ಇಲ್ಲ. ಎಲ್ಲ ಕಾಗದ ಸರಿಯಿದ್ದರೆ ಅರ್ಜಿ ಒಪ್ಪಿಗೆಯಾದ ಹಾಗೆಯೇ ಲೆಕ್ಕ, ಬೇಕಾದಷ್ಟು ಮಂಜೂರಾತಿ ಲೋಡನ್ನೂ ಏರಿಸಿಕೊಡಬೇಕು. ಇನ್ನೂ ಮುಖ್ಯವಾದದ್ದು: 5 ಕಿಲೋವ್ಯಾಟಿನವರೆಗಿನ ಸೋಲಾರಿಗಾಗಿ ಟಿ.ಸಿ. ಬದಲಿಸಬೇಕಾದರೂ, ತಂತಿ ದಪ್ಪ ಮಾಡಬೇಕಾದರೂ ಆ ಖರ್ಚು ಕಂಪನಿಯದ್ದು, ನಿಮ್ಮದಲ್ಲ. ಪ್ಯಾನೆಲ್ ಕೂರಿಸಿ ಮುಗಿದಿದೆ ಎಂದು ತಿಳಿಸಿದ ಮೇಲೆ ಒಪ್ಪಂದ, ಮೀಟರ್ ಜೋಡಣೆ, ಚಾಲನೆ ಎಲ್ಲ 15 ದಿನದೊಳಗೆ ಆಗಬೇಕು. ಹಿಂದೆ ಇದಕ್ಕೆ 30 ದಿನ ಇತ್ತು. 10 ಕಿಲೋವ್ಯಾಟಿಗಿಂತ ದೊಡ್ಡದಕ್ಕೆ ಮಾತ್ರ ಪರೀಕ್ಷೆ ಉಳಿದಿದೆ. ಅದನ್ನೂ 15 ದಿನದಲ್ಲಿ ಮುಗಿಸದಿದ್ದರೆ ಒಪ್ಪಿಗೆ ಸಿಕ್ಕಿದ ಹಾಗೆ.

ಅಂದರೆ ನಿಮ್ಮ ಕಂಟ್ರಾಕ್ಟರು ಹೇಳಿದ್ದು ಹಳೇ ಕಾಲದ ಮಾತು. ಗೊತ್ತಿಲ್ಲದೆ ಹೇಳಿದರೋ, ಬ್ಯಾಟರಿ ಮಾರುವುದಕ್ಕಾಗಿ ಹೇಳಿದರೋ, ಅದು ಅವರಿಗೇ ಗೊತ್ತು. ನಾನು ವಿತರಣಾ ಕೆಲಸದಲ್ಲಿ ಮೂವತ್ತು ವರ್ಷ ಕಳೆದವ. "ಫುಲ್" ಎಂಬ ಶಬ್ದವನ್ನು ನಾವು ಎಷ್ಟು ಸಡಿಲವಾಗಿ ಬಳಸುತ್ತಿದ್ದೆವು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಹಾಗಾದರೆ ಟಿ.ಸಿ. ಫುಲ್ ಆಗುವುದೇ ಇಲ್ಲವೇ? ಆಗುತ್ತದೆ. ಆದರೆ ಯಾವ ಹೊತ್ತಿನಲ್ಲಿ ಎಂದು ಕೇಳಬೇಕು. ನಿಮ್ಮ ಟಿ.ಸಿ. 63 ಕೆವಿಎಯದ್ದು (ಕೆವಿಎ ಎಂದರೆ ಇಲ್ಲಿ ಹೆಚ್ಚುಕಡಿಮೆ ಕಿಲೋವ್ಯಾಟ್ ಎಂದೇ ಹಿಡಿಯಿರಿ), ಅದರಡಿ ನಲ್ವತ್ತು ಮನೆ ಎಂದು ಇಟ್ಟುಕೊಳ್ಳಿ. ರಾತ್ರಿ ಎಂಟು ಗಂಟೆಗೆ ಎಲ್ಲರ ಮನೆಯಲ್ಲೂ ಲೈಟು, ಫ್ಯಾನು, ಟಿ.ವಿ., ಬೇಸಿಗೆಯಾದರೆ ಎ.ಸಿ. ಟಿ.ಸಿ. ಆಗ ನಿಜಕ್ಕೂ ತುಂಬಿರುತ್ತದೆ, ಆ ಹೊತ್ತಿಗೆ ಸೋಲಾರ್ ಸೊನ್ನೆ. ಮಧ್ಯಾಹ್ನ ಹನ್ನೆರಡಕ್ಕೆ ಗಂಡಸರು ಹೆಂಗಸರು ಕೆಲಸಕ್ಕೆ, ಮಕ್ಕಳು ಶಾಲೆಗೆ, ಅರ್ಧ ಮನೆಗಳ ಮಕ್ಕಳಂತೂ ಗಲ್ಫಿನಲ್ಲಿ. ಆಗ ಆ ಟಿ.ಸಿ. ಅಕ್ಷರಶಃ ಆರಾಮದಲ್ಲಿರುತ್ತದೆ. ಒಂಬತ್ತು ಮನೆಯಲ್ಲಿ 5 ಕಿಲೋವ್ಯಾಟ್ ಹಾಕಿದರೆ 45 ಆಯಿತು. ಅದರಲ್ಲಿ ಹತ್ತು ಊರೊಳಗೇ ಖರ್ಚಾದರೆ ಉಳಿದ 35 ಟಿ.ಸಿ.ಯ ಮೂಲಕ ಹಿಂದಕ್ಕೆ, ಟಿ.ಸಿ.ಗೆ ಕರೆಂಟು ತರುವ 11 ಕೆವಿ ಲೈನಿಗೆ ಹತ್ತುತ್ತದೆ. ಹಿಂದಕ್ಕೆ ಹರಿದರೂ ಮುಂದಕ್ಕೆ ಹರಿದರೂ ಟಿ.ಸಿ.ಗೆ ಬಿಸಿ ಒಂದೇ. 63ರ ಮಿತಿ ಮೀರುವವರೆಗೆ ಅದಕ್ಕೆ ತೊಂದರೆಯಿಲ್ಲ. ಆದರೂ ಅಂಚಿನವರೆಗೆ ತುಂಬಿಸುವುದು ಬೇಡ ಎಂದು ಬೇರೆಬೇರೆ ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗಗಳು ಟಿ.ಸಿ. ಸಾಮರ್ಥ್ಯದ ಇಂತಿಷ್ಟು ಪಾಲು ಎಂದು ಸೋಲಾರಿಗೆ ಮೇಲ್ಮಿತಿ ಇಟ್ಟವು. ಒಂದೊಂದು ಕಡೆ ಒಂದೊಂದು ಲೆಕ್ಕ. ಈ ಶೇಕಡಾ ಲೆಕ್ಕ ಬರೆಯುವುದು ಸುಲಭ, ಕಾಯುವುದೂ ಸುಲಭ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ನನ್ನ ಅನುಭವದಲ್ಲಿ ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಟಿ.ಸಿ.ಗಿಂತ ಮೊದಲು ಸೋಲುವುದು ತಂತಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು, ಬೇಸರಿಸಬೇಡಿ. ನಮ್ಮ ಊರುಗಳು ಬಯಲುಸೀಮೆಯ ಹಾಗೆ ಒತ್ತಾಗಿಲ್ಲ. ಒಂದು ಮನೆ ಗುಡ್ಡೆಯ ಮೇಲೆ, ಇನ್ನೊಂದು ಗದ್ದೆಯ ಆಚೆ, ನಡುವೆ ತೋಟ. ಹಾಗಾಗಿ ಲೈನು ಉದ್ದ, ತಂತಿ ಸಣ್ಣ. ಲೈನ್‌ಮನ್‌ಗಳು "ವೀಸಲ್" ಎನ್ನುವ ತಂತಿಗೆ ಕಿಲೋಮೀಟರಿಗೆ ಸುಮಾರು 0.9 ಓಮ್ ತಡೆ. ಸಿಂಗಲ್ ಫೇಸಿನಲ್ಲಿ ಕರೆಂಟು ಫೇಸ್ ತಂತಿಯಲ್ಲಿ ಹೋಗಿ ನ್ಯೂಟ್ರಲ್ಲಿನಲ್ಲಿ ಮರಳುವುದರಿಂದ 400 ಮೀಟರಿಗೆ ಹೋಗಿಬರುವ ತಡೆ 0.72 ಓಮ್. ನಿಮ್ಮ 5 ಕಿಲೋವ್ಯಾಟ್ ಇನ್ವರ್ಟರ್ (ಪ್ಯಾನೆಲ್ಲಿನ ಕರೆಂಟನ್ನು ಲೈನಿಗೆ ಹೊಂದುವಂತೆ ಬದಲಿಸುವ ಪೆಟ್ಟಿಗೆ) ನಡುಮಧ್ಯಾಹ್ನ ಪೂರ್ತಿ ಹೊರಗೆ ಕಳಿಸಿದರೆ ಸುಮಾರು 22 ಆಂಪಿಯರ್. ಎರಡನ್ನೂ ಗುಣಿಸಿದರೆ 16 ವೋಲ್ಟ್. ಇಷ್ಟು ವೋಲ್ಟ್ ಟಿ.ಸಿ.ಯಲ್ಲಿರುವುದರ ಮೇಲೆ ನಿಮ್ಮ ಮನೆಯಲ್ಲಿ ಹೆಚ್ಚುತ್ತದೆ. ನೀರನ್ನು ಸಪೂರ ಪೈಪಿನಲ್ಲಿ ಮೇಲಕ್ಕೆ ತಳ್ಳಬೇಕಾದರೆ ಪಂಪಿನ ಹತ್ತಿರ ಒತ್ತಡ ಏರುತ್ತದಲ್ಲ, ಹಾಗೆಯೇ. ಮಧ್ಯಾಹ್ನ ಟಿ.ಸಿ.ಯಲ್ಲಿ 240 ಇದ್ದರೆ ನಿಮ್ಮಲ್ಲಿ 256.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದ ಪ್ರಕಾರ ವೋಲ್ಟೇಜು ನಿಗದಿತ ಮಟ್ಟದ ಶೇ. 110 ಮೀರಿದರೆ ಸೋಲಾರ್ ಇನ್ವರ್ಟರ್ ಎರಡು ಸೆಕೆಂಡಿನೊಳಗೆ ಕಳಚಿಕೊಳ್ಳಬೇಕು. 230ರ ಶೇ. 110 ಎಂದರೆ 253. ನಿಮ್ಮದು 256. ಹಾಗಾಗಿ ಒಳ್ಳೇ ಬಿಸಿಲು ಇರುವ ಹೊತ್ತಿಗೇ ಇನ್ವರ್ಟರ್ ಆಫ್. ವೋಲ್ಟೇಜು ಇಳಿದ ಮೇಲೆ ಕೆಲವು ನಿಮಿಷ ಬಿಟ್ಟು ತಾನಾಗಿ ಆನ್, ಮತ್ತೆ ಏರಿದಾಗ ಆಫ್. ಮೋಡದ ದಿನ ಚೆನ್ನಾಗಿ ನಡೆದು ಬಿಸಿಲಿನ ದಿನ ಕೈಕೊಡುವ ಸೋಲಾರ್ ಎಂದು ಜನ ಆಶ್ಚರ್ಯಪಡುತ್ತಾರೆ, ಕಂಪನಿಗೂ ಮಾರಿದವರಿಗೂ ಫೋನ್ ಮಾಡುತ್ತಾರೆ, ಯಾರಿಗೂ ತಪ್ಪು ಸಿಗುವುದಿಲ್ಲ. ತಪ್ಪು ಇರುವುದು ಆ 400 ಮೀಟರಿನಲ್ಲಿ. ರಾತ್ರಿ ವೋಲ್ಟೇಜು ಸಾಲುವುದಿಲ್ಲ ಎಂದು ಊರವರು ದೂರಿದಾಗ ಟ್ಯಾಪ್ (ವೋಲ್ಟೇಜು ಏರಿಸಿ ಇಳಿಸುವ ವ್ಯವಸ್ಥೆ) ಇರುವ ಟಿ.ಸಿ.ಯಾದರೆ ಅದನ್ನು ಒಂದು ಹಂತ ಏರಿಸಿಟ್ಟಿರುತ್ತಾರೆ. ರಾತ್ರಿಗೆ ಕೊಟ್ಟ ಮದ್ದು ಮಧ್ಯಾಹ್ನಕ್ಕೆ ರೋಗವಾಗುತ್ತದೆ.

ಈಗ ಅದೇ ಲೆಕ್ಕವನ್ನು 3 ಕಿಲೋವ್ಯಾಟಿಗೆ ಮಾಡಿ: 13 ಆಂಪಿಯರ್, 9 ವೋಲ್ಟ್ ಚಿಲ್ಲರೆ. 240ಕ್ಕೆ ಸೇರಿಸಿದರೆ 249, ಮಿತಿಯೊಳಗೆ. 5 ಕಿಲೋವ್ಯಾಟನ್ನೇ ತ್ರೀ ಫೇಸಿನಲ್ಲಿ ಹಾಕಿದರೆ ಒಂದೊಂದು ಫೇಸಿಗೆ ಬರುವುದು 7 ಆಂಪಿಯರ್ ಮಾತ್ರ. ಮೂರೂ ಸಮವಾಗಿದ್ದರೆ ನ್ಯೂಟ್ರಲ್ಲಿನಲ್ಲಿ ಏನೂ ಹರಿಯುವುದಿಲ್ಲ, ಏರಿಕೆ 3 ವೋಲ್ಟಿನೊಳಗೆ. 16 ಎಲ್ಲಿ, 3 ಎಲ್ಲಿ! ಲೈನಿನ ತುದಿಯಲ್ಲಿರುವವರು ದೊಡ್ಡ ಸೋಲಾರ್ ಹಾಕಿಸುವುದಾದರೆ ಪ್ಯಾನೆಲ್ ಯಾವ ಬ್ರಾಂಡಿನದ್ದು ಎಂದು ತಲೆಕೆಡಿಸಿಕೊಳ್ಳುವ ಮೊದಲು ತ್ರೀ ಫೇಸ್ ಸಿಗುತ್ತದೆಯೇ ಎಂದು ಕೇಳಬೇಕು. ನಿಮ್ಮ ಹಿಂದಿನ ನಾಲ್ಕೈದು ಮನೆಯವರೂ ನಾಳೆ ಸೋಲಾರ್ ಹಾಕಿದರೆ ಈ ವೋಲ್ಟುಗಳು ಒಂದರ ಮೇಲೊಂದು ಕೂಡುತ್ತವೆ. ಆಗ ನಿಮ್ಮ 3 ಕೂಡ ಇಕ್ಕಟ್ಟಿಗೆ ಸಿಕ್ಕೀತು.

ದುಡ್ಡಿನ ಲೆಕ್ಕವೂ 3ರ ಕಡೆಗೇ ವಾಲುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ ₹30,000, ಮೂರನೆಯದಕ್ಕೆ ₹18,000 ಸಬ್ಸಿಡಿ. ಒಟ್ಟು ₹78,000, ಅಲ್ಲಿಗೆ ನಿಂತಿತು. 5 ಹಾಕಿದರೂ ಅಷ್ಟೇ, 10 ಹಾಕಿದರೂ ಅಷ್ಟೇ. ಇದು ಸಿಗಬೇಕಾದರೆ ಸೆಲ್ಲೂ ಪ್ಯಾನೆಲ್ಲೂ ಎರಡೂ ಭಾರತದಲ್ಲೇ ತಯಾರಾಗಿರಬೇಕು. ಕೊಟೇಶನ್ನಿನಲ್ಲಿ "ಡಿಸಿಆರ್" ಎಂದು ಬರೆಸಿಕೊಳ್ಳಿ. 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ಟಿನ ಹತ್ತಿರ ಕೊಡುತ್ತದೆ ಎಂದು ಹಿಡಿಯಬಹುದು. ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಿನಲ್ಲಿ ಅದರ ಅರ್ಧವೂ ಬಾರದ ದಿನಗಳಿವೆ, ಫೆಬ್ರವರಿ ಮಾರ್ಚಿನಲ್ಲಿ ಅದಕ್ಕಿಂತ ಜಾಸ್ತಿ. ವರ್ಷದ ಮೇಲೆ 3 ಕಿಲೋವ್ಯಾಟ್ ತಿಂಗಳಿಗೆ 300ರಿಂದ 350 ಯೂನಿಟ್. ನಿಮ್ಮ ಖರ್ಚು 420. ಹೆಚ್ಚುಕಡಿಮೆ ಎಲ್ಲವೂ ನಿಮ್ಮ ಸ್ವಂತ ಬಿಲ್ಲಿನಿಂದಲೇ ಕಳೆಯುತ್ತದೆ. 5 ಹಾಕಿದರೆ ಮಿಗುವುದನ್ನು ಕಂಪನಿ ಕೊಳ್ಳುವ ದರ ನೀವು ಕೊಡುವ ದರಕ್ಕಿಂತ ಕಡಿಮೆ. ಜೊತೆಗೆ ಯಾರೂ ಹೇಳದ ಒಂದು ಬಾಬತ್ತಿದೆ. ಲೋಡನ್ನು 3ರಿಂದ 5ಕ್ಕೆ ಏರಿಸಿದರೆ ನಿಗದಿತ ಶುಲ್ಕ ಏರುತ್ತದೆ. 2025-26ರ ದರದಲ್ಲಿ ಮನೆ ಬಳಕೆಗೆ ಯೂನಿಟ್ಟಿಗೆ ₹5.80, ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ ₹145 ಇತ್ತು. ಆ ಲೆಕ್ಕದಲ್ಲಿ ಎರಡು ಕಿಲೋವ್ಯಾಟಿಗೆ ತಿಂಗಳಿಗೆ ₹290, ಬಿಸಿಲಿರಲಿ ಮಳೆಯಿರಲಿ ಕಟ್ಟಬೇಕು.

ಪಕ್ಕದ ಮನೆಯವರ ಬಿಲ್ಲು 200 ಯೂನಿಟ್ಟಿನೊಳಗಿದ್ದು ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದ್ದರೆ ಅವರಿಗೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಸೊನ್ನೆ ಬಿಲ್ಲಿನಲ್ಲಿ ಉಳಿಸುವುದು ಎಂತ? 2023ರಲ್ಲಿ ರಾಜ್ಯ ತಂದ ಒಂದು ಯೋಜನೆಯೂ 2024ರಲ್ಲಿ ಕೇಂದ್ರ ತಂದ ಇನ್ನೊಂದು ಯೋಜನೆಯೂ ಒಂದೇ ತಾರಸಿಯ ಮೇಲೆ ಎದುರುಬದುರಾಗಿ ನಿಂತಿವೆ. ಗೃಹಜ್ಯೋತಿ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಸರಕಾರ ಆ ಮನೆಗಳ ಬಿಲ್ಲನ್ನು ವರ್ಷ ವರ್ಷ ಕಟ್ಟುವ ಬದಲು ಅದೇ ದುಡ್ಡಿನಿಂದ ಅವರ ಹಂಚಿನ ಮೇಲೆ 1 ಕಿಲೋವ್ಯಾಟ್ ಕೂರಿಸಿಕೊಟ್ಟರೆ ಆಗದೇ ಎಂದು ಕೇಳುವ ಹಕ್ಕು ನಮಗಿದೆ. ಸಣ್ಣ ಸಣ್ಣ 1 ಕಿಲೋವ್ಯಾಟುಗಳು ಊರಿಡೀ ಹರಡಿದರೆ ತಂತಿಗೂ ಹಗುರ.

ಬ್ಯಾಟರಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಂಟ್ರಾಕ್ಟರು ತಪ್ಪು ಕಾರಣಕ್ಕೆ ಬ್ಯಾಟರಿ ಹೇಳಿದರು, ಆದರೆ ಬ್ಯಾಟರಿಗೆ ಸರಿಯಾದ ಕಾರಣವೂ ಉಂಟು. ಗ್ರಿಡ್ಡಿಗೆ ಸೇರಿಸಿದ ಮಾಮೂಲಿ ಸೋಲಾರ್ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. "ಬಿಸಿಲು ಉಂಟಲ್ಲ ಮಾರಾಯ್ರೆ, ಮತ್ತೆ ಯಾಕೆ ಆಫ್?" ಎಂದು ಕೇಳದವರಿಲ್ಲ. ಗಾಳಿಮಳೆಗೆ ತೆಂಗಿನ ಗರಿ ಬಿದ್ದು ಲೈನ್ ಹೋಗಿದೆ ಎಂದುಕೊಳ್ಳಿ. ಪವರ್‌ಮ್ಯಾನ್ ಸಪ್ಲೈ ಕಟ್ ಮಾಡಿ ಕಂಬ ಹತ್ತಿದ್ದಾನೆ. ಆಗ ನಿಮ್ಮ ತಾರಸಿಯಿಂದ ಲೈನಿಗೆ ಕರೆಂಟು ಹರಿದರೆ ಅವನ ಜೀವ ಹೋಗುತ್ತದೆ. ಅದಕ್ಕೇ ಆ ನಿಯಮ, ಅದರಲ್ಲಿ ರಿಯಾಯಿತಿ ಕೇಳಬಾರದು. ಕರೆಂಟು ಹೋದಾಗಲೂ ಮನೆಯಲ್ಲಿ ಬೆಳಕು ಬೇಕಾದರೆ ಗ್ರಿಡ್ಡಿನಿಂದ ಕಳಚಿಕೊಂಡು ಮನೆಗೆ ಮಾತ್ರ ಕೊಡುವ ಹೈಬ್ರಿಡ್ ಇನ್ವರ್ಟರೂ ಬ್ಯಾಟರಿಯೂ ಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಒಳಗಿನ ಊರುಗಳವರಿಗೆ ಅದು ಐಷಾರಾಮವಲ್ಲ. ಹಾಗೆ ನೋಡಿದರೆ ನಮ್ಮಲ್ಲಿ ಸೋಲಾರ್ ಶುರುವಾದದ್ದೇ ಬ್ಯಾಟರಿಯಿಂದ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮನೆ ಸೋಲಾರಿಗೆ ಸಾಲ ಕೊಡಿಸುವ ಯೋಜನೆ ಮಾಡಿದಾಗ ಜೊತೆಗೆ ತೆಗೆದುಕೊಂಡದ್ದು ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಎರಡನ್ನು. ಆಗಿನದು ನಾಲ್ಕು ಬಲ್ಬಿನ ಸೋಲಾರ್, ಲೈನಿಗೂ ಅದಕ್ಕೂ ಸಂಬಂಧವಿಲ್ಲ, ಗ್ರಿಡ್ಡಿನ ಜಗಳವೂ ಇರಲಿಲ್ಲ.

ನಿಮ್ಮ ಪತ್ರದ ಕೊನೆಯ ಸಾಲು ಮಾತ್ರ ಟಿ.ಸಿ.ಗಿಂತ ಮೇಲಿನದು. "ಗ್ರಿಡ್ಡಿನಲ್ಲಿ ಜಾಗ ಇಲ್ಲ" ಎಂಬುದು ರಾಜ್ಯದ ಮಟ್ಟದಲ್ಲಿ ಬೇರೆಯದೇ ಅರ್ಥದಲ್ಲಿ ನಿಜ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ಮಧ್ಯಾಹ್ನ ಇಂಥವೆಲ್ಲ ಒಟ್ಟಿಗೆ ಎದ್ದಾಗ ಕಲ್ಲಿದ್ದಲಿನ ಸ್ಥಾವರಗಳು ಬಗ್ಗಬೇಕು. ಆದರೆ ಬಾಯ್ಲರ್ ಎಂಬುದು ಗ್ಯಾಸ್ ಒಲೆಯಲ್ಲ, ಸಣ್ಣ ಉರಿಗೂ ಒಂದು ಮಿತಿ ಇದೆ. ಕೇಂದ್ರ ಪ್ರಾಧಿಕಾರದ 2023ರ ನಿಯಮ ಮೊದಲು ಶೇ. 55ಕ್ಕೆ, ಆಮೇಲೆ ಹಂತ ಹಂತವಾಗಿ ಶೇ. 40ಕ್ಕೆ ಇಳಿಸಲು ತಯಾರಾಗಿ ಎನ್ನುತ್ತದೆ. ನಿಮ್ಮ ಹತ್ತಿರದ ಎಲ್ಲೂರಿನ ಸ್ಥಾವರದಲ್ಲಿ 600 ಮೆಗಾವ್ಯಾಟಿನ ಎರಡು ಘಟಕಗಳಿವೆ. ಅಂಥ ಒಂದು ಘಟಕ ಶೇ. 55ಕ್ಕೆ ಇಳಿದರೂ 330 ಮೆಗಾವ್ಯಾಟ್ ಬರುತ್ತಲೇ ಇರುತ್ತದೆ. ಪೂರ್ತಿ ನಿಲ್ಲಿಸಿಬಿಟ್ಟರೆ ಸಂಜೆ ಏಳಕ್ಕೆ ಬೇಕೆಂದಾಗ ಎದ್ದೇಳುವುದಿಲ್ಲ. ಸಂಜೆ ಕೈಹಿಡಿಯುವುದು ನೀರು. ಹೊಸಂಗಡಿಯ ನೆಲದಡಿಯ ವಾರಾಹಿ ವಿದ್ಯುದಾಗಾರದ 460 ಮೆಗಾವ್ಯಾಟ್ ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ಶರಾವತಿಯಲ್ಲಿ ಮಧ್ಯಾಹ್ನದ ಕರೆಂಟಿನಿಂದ ನೀರನ್ನು ಮೇಲಕ್ಕೆತ್ತಿ ರಾತ್ರಿ ಇಳಿಸುವ 2,000 ಮೆಗಾವ್ಯಾಟಿನ ಯೋಜನೆಯ ಹಿಂದೆ ಇರುವುದೂ ಇದೇ ತರ್ಕ. ಸಿಂಗಳೀಕಗಳಿರುವ ಆ ಕಾಡನ್ನು ಮುಟ್ಟಬೇಕೇ ಎಂಬುದು ಬೇರೆ ಪ್ರಶ್ನೆ, ನನ್ನ ಮನಸ್ಸು ಕಾಡಿನ ಕಡೆಗೇ. ದೊಡ್ಡ ಲೈನು ಎಳೆಯುವುದೂ ಇಲ್ಲಿ ಹಗುರದ ಮಾತಲ್ಲ. ಉಡುಪಿ–ಕಾಸರಗೋಡು 400 ಕೆವಿ ಲೈನಿಗೆ ದಕ್ಷಿಣ ಕನ್ನಡದ ಕೃಷಿಕರು ಎಷ್ಟು ವಿರೋಧ ಮಾಡಿದರು ಎಂದು ನಿಮಗೆ ಗೊತ್ತು. ಒಂದೆರಡು ಎಕರೆ ಅಡಿಕೆ ತೋಟದವನಿಗೆ ಒಂದು ಟವರ್ ಎಂದರೆ ಬದುಕಿನ ಪ್ರಶ್ನೆ.

ಹಾಗಾಗಿ ನೀತಿ ಹೋಗಬೇಕಾದ ದಾರಿ ಇರುವ ತಂತಿಯನ್ನೇ ಹೊತ್ತು ನೋಡಿ ಬಳಸುವುದು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಸೋಲಾರ್ ಹಾಕುವವರಿಗೆ ಎರಡು ಆಯ್ಕೆ ಕೊಟ್ಟರು: ಯಾವಾಗಲೂ 1.5 ಕಿಲೋವ್ಯಾಟ್ ಮಾತ್ರ ಹೊರಗೆ ಕಳಿಸುವುದು, ಅಥವಾ ಲೈನು ಖಾಲಿಯಿದ್ದಾಗ 10ರವರೆಗೂ ಕಳಿಸಿ, ತುಂಬಿದಾಗ ಕಂಪನಿ ಹೇಳಿದಂತೆ ತಗ್ಗಿಸುವುದು. ಜರ್ಮನಿಯಲ್ಲಿ 2025ರ ಫೆಬ್ರವರಿಯಿಂದ, ಸ್ಮಾರ್ಟ್ ಮೀಟರ್ ವ್ಯವಸ್ಥೆ ಇಲ್ಲದ ಹೊಸ ಸೋಲಾರ್ ತನ್ನ ಸಾಮರ್ಥ್ಯದ ಶೇ. 60ಕ್ಕಿಂತ ಹೆಚ್ಚನ್ನು ಲೈನಿಗೆ ಬಿಡುವಂತಿಲ್ಲ. ಕೇಳಲು ಕಟ್ಟುನಿಟ್ಟು ಅನಿಸಿದರೂ ಪೂರ್ತಿ ಶೇ. 100 ಬರುವುದು ವರ್ಷದಲ್ಲಿ ಕೆಲವೇ ಗಂಟೆ. ಆ ಗಂಟೆಗಳಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಅದೇ ಟಿ.ಸಿ.ಯಲ್ಲಿ ಇನ್ನೂ ಎಷ್ಟೋ ಮನೆಗಳಿಗೆ ಜಾಗವಾಗುತ್ತದೆ. "ಪಾಸು ಅಥವಾ ಇಲ್ಲ" ಎನ್ನುವುದಕ್ಕಿಂತ "ಪಾಸು, ಆದರೆ ಮಧ್ಯಾಹ್ನ ಇಷ್ಟೇ" ಎನ್ನುವುದು ಎಷ್ಟೋ ನ್ಯಾಯ. ನಮ್ಮ ಆಯೋಗವೂ ಆ ಕಡೆ ಹೋಗಬೇಕು ಎಂಬುದು ನನ್ನ ಆಸೆ.

ನಮ್ಮಲ್ಲಿ ಹೊತ್ತಿನ ದರದ ನಿಯಮ 2023ರಲ್ಲೇ ಬಂದಿದೆ. ಸೋಲಾರ್ ಹೊತ್ತಿನಲ್ಲಿ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ, ಸಂಜೆಯ ಒತ್ತಡದ ಹೊತ್ತಿನಲ್ಲಿ ಹೆಚ್ಚು. ದೊಡ್ಡ ವ್ಯಾಪಾರ, ಕೈಗಾರಿಕೆಗಳಿಗೆ 2024ರ ಏಪ್ರಿಲ್, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ ಎಂದು ಕೇಂದ್ರ ಗಡುವು ಇಟ್ಟಿತ್ತು. ಸ್ಮಾರ್ಟ್ ಮೀಟರ್ ಬಾರದೆ ಮನೆಗಳಲ್ಲಿ ಇದು ನಡೆಯುವುದಿಲ್ಲ. ಬಂದ ದಿನ ಮಾತ್ರ ಲೆಕ್ಕವೇ ಬೇರೆಯಾಗುತ್ತದೆ. ಮಧ್ಯಾಹ್ನ ನೀವು ಕಳಿಸಿದ ಯೂನಿಟ್ಟಿಗೂ ರಾತ್ರಿ ನೀವು ಪಡೆದ ಯೂನಿಟ್ಟಿಗೂ ಒಂದೇ ಬೆಲೆ ಉಳಿಯುತ್ತದೆಂದು ನಂಬಿ ಇಪ್ಪತ್ತೈದು ವರ್ಷದ ಲೆಕ್ಕ ಹಾಕಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್ ನಂತರ ಸೇರಿದವರಿಗೆ ಹೊರಗೆ ಕಳಿಸಿದ ಯೂನಿಟ್ಟಿನ ಬೆಲೆ ಸುಮಾರು ಮುಕ್ಕಾಲು ಪಾಲು ಇಳಿದುಹೋಯಿತು. ಇದಕ್ಕೇ ನಾನು 3 ಎನ್ನುವುದು. ಕಳಿಸುವುದಕ್ಕಿಂತ ಮನೆಯಲ್ಲೇ ಬಳಸುವ ಯೂನಿಟ್ಟು ಯಾವ ನಿಯಮ ಬದಲಾದರೂ ನಿಮ್ಮದೇ. ನೀರಿನ ಪಂಪು, ವಾಷಿಂಗ್ ಮಷಿನ್, ಇಸ್ತ್ರಿ, ಗ್ರೈಂಡರ್ ಎಲ್ಲವನ್ನೂ ಹನ್ನೊಂದರಿಂದ ಎರಡರೊಳಗೆ ಮುಗಿಸಿದರೆ ನಿಮ್ಮ ತಂತಿಯ ವೋಲ್ಟೇಜೂ ತಗ್ಗುತ್ತದೆ.

ಇನ್ನು ಮಾಡಬೇಕಾದ್ದು. ಕಂಟ್ರಾಕ್ಟರ ಮಾತಿನ ಮೇಲೆ ಹೋಗದೆ ಸೂರ್ಯಘರ್ ಪೋರ್ಟಲ್ಲಿನಲ್ಲಿ ನಿಮ್ಮ ಆರ್.ಆರ್. ನಂಬರ್ ಹಾಕಿ ನೀವೇ ಅರ್ಜಿ ಕೊಡಿ, ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಯಾರಾದರೂ ಆಗುವುದಿಲ್ಲ ಎಂದರೆ ಯಾವ ನಿಯಮದಡಿ ಎಂದು ಬರಹದಲ್ಲಿ ಕೇಳಿ. ಬರಹದಲ್ಲಿ ಕೇಳಿದಾಗ ಅರ್ಧ "ಫುಲ್"ಗಳು ಖಾಲಿಯಾಗುತ್ತವೆ. ಆಗಲೂ ಸರಿಹೋಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ, ವಕೀಲರ ಅಗತ್ಯವಿಲ್ಲ. ಇನ್ವರ್ಟರನ್ನು ಸ್ವಲ್ಪ ದೊಡ್ಡದೇ ತೆಗೆದುಕೊಳ್ಳುತ್ತೇನೆ, ಆಮೇಲೆ ಪ್ಯಾನೆಲ್ ಸೇರಿಸುತ್ತೇನೆ ಎಂಬ ಆಲೋಚನೆಯಿದ್ದರೆ ಅದನ್ನು ತ್ರೀ ಫೇಸ್ ಸಿಕ್ಕಿದ ಮೇಲೆ ಮಾಡಿ. ಸಮುದ್ರ ನಿಮಗೆ ಹತ್ತಿರ, ಸ್ಟ್ಯಾಂಡಿಗೆ ಬರೇ ಪೇಂಟ್ ಹೊಡೆದ ಕಬ್ಬಿಣ ಹಾಕಲು ಬಿಡಬೇಡಿ. ಬಿಸಿ ಸತುವಿನಲ್ಲಿ ಮುಳುಗಿಸಿ ತೆಗೆದದ್ದೇ ಆಗಬೇಕು, ಬೋಲ್ಟು ಸ್ಟೈನ್‌ಲೆಸ್. ಸಿಡಿಲಿಗೆ ಸರ್ಜ್ ಅರೆಸ್ಟರ್, ಪ್ರತ್ಯೇಕ ಅರ್ಥಿಂಗ್.

ಸಹಿ ಹಾಕುವ ಮೊದಲು ಒಂದು ಸಣ್ಣ ಕೆಲಸ. ಒಂದು ವಾರ ಮಧ್ಯಾಹ್ನ ಹನ್ನೆರಡೂವರೆಗೂ ರಾತ್ರಿ ಎಂಟಕ್ಕೂ ನಿಮ್ಮ ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿ ಒಂದು ಹಾಳೆಯಲ್ಲಿ ಬರೆಯಿರಿ. ನಾನ್ನೂರು ಐನೂರು ರೂಪಾಯಿಯ ಮೀಟರ್ ಸಾಕು, ಯಾವುದಾದರೂ ಎಲೆಕ್ಟ್ರಿಷಿಯನ್ ಹತ್ತಿರವೂ ಇರುತ್ತದೆ. ಮಧ್ಯಾಹ್ನದ್ದು 243 ದಾಟುತ್ತಿದ್ದರೆ ಅರ್ಜಿಯ ಜೊತೆಗೆ ಆ ಹಾಳೆಯನ್ನೂ ಲಗತ್ತಿಸಿ, ಟ್ಯಾಪ್ ಇಳಿಸಿಕೊಡಿ ಎಂದು ಕೇಳಿ. ಆ ಹಾಳೆಯ ಒಂದು ಪ್ರತಿ ನನಗೂ ಕಳಿಸಿ, ಲೆಕ್ಕ ನೋಡಿ ಹೇಳುತ್ತೇನೆ.